ಉಲ್ಟಾ ಚೂಡಿ: ಜೀಪು ರಿಪೇರಿಯ ಒಂದು ಚರಿತ್ರೆ

ನಾನು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ, ಹಂಪಸಾಗರದ ಕಡೆಯಿಂದ ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯ ಮಗ್ಗುಲಿಗೆ ಒಂದು ತಗಡಿನ ಗ್ಯಾರೇಜಿತ್ತು. ಉರ್ದು ಪಾಠ, ಕನ್ನಡ ಪಾಠ ಎರಡನ್ನೂ ಮುಗಿಸಿ ಬರುವಾಗ ನಾವು ಹುಡುಗರು ಅಲ್ಲಿ ನಿಂತು ನೋಡುತ್ತಿದ್ದೆವು. ಒಂದು ದಿನ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ಜೀಪಿನ ಎಡಗಾಲಿಯ ನಟ್ಟು ಬಿಚ್ಚಲು ಹೆಣಗುತ್ತಿದ್ದ. ಬಲ ಸಾಲದೆ ಪಾನಾದ ಹಿಡಿಯ ಮೇಲೆ ಎರಡೂ ಕಾಲಿಟ್ಟು ನಿಂತ. ಟಕ್ಕೆಂದು ಸದ್ದಾಯಿತು. ನಟ್ಟು ಬಿಚ್ಚಲಿಲ್ಲ, ಸ್ಟಡ್ಡೇ ಮುರಿದು ಪಾನಾದ ಜೊತೆ ಕೆಳಗೆ ಬಿತ್ತು. ಹುಡುಗ ಏಟು ಬೀಳುತ್ತದೆಂದು ಮೈ ಮುದುಡಿಕೊಂಡ. ಉಸ್ತಾದರು ಹೊಡೆಯಲಿಲ್ಲ. ಮುರಿದ ತುಂಡನ್ನು ಅವನ ಅಂಗೈಯಲ್ಲಿಟ್ಟು, "ಉಲ್ಟಾ ಚೂಡಿ ಹೈ ಬೇಟಾ, ಜಬರ್ದಸ್ತಿ ನಕ್ಕೋ" ಎಂದರು.

ಚೂಡಿ ಎಂದರೆ ಬಳೆ. ಬೋಲ್ಟಿನ ಮೈಮೇಲಿನ ಸುರುಳಿ ಗೆರೆಗಳಿಗೂ ಗ್ಯಾರೇಜಿನವರು ಚೂಡಿ ಎಂದೇ ಕರೆಯುತ್ತಾರೆ. ಸಾಮಾನ್ಯ ನಟ್ಟನ್ನು ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತದೆ, ಬಲಕ್ಕೆ ತಿರುಗಿಸಿದರೆ ಬಿಗಿಯುತ್ತದೆ. ಹಳೆಯ ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಬಲಗಡೆಯ ಗಾಲಿಗಳದ್ದು ಹೀಗೆಯೇ. ಎಡಗಡೆಯ ಗಾಲಿಗಳದ್ದು ಮಾತ್ರ ತಿರುವು ಮುರುವು. ಗಾಡಿ ಮುಂದಕ್ಕೆ ಉರುಳುವಾಗ ಎಡಗಾಲಿಯ ನಟ್ಟು ತಾನಾಗಿ ಸಡಿಲವಾಗದಿರಲಿ ಎಂದು ತಯಾರಿಸಿದವರು ಮಾಡಿದ ಉಪಾಯವಿದು. ಗೊತ್ತಿದ್ದವನಿಗೆ ಅರ್ಧ ನಿಮಿಷದ ಕೆಲಸ. ಗೊತ್ತಿಲ್ಲದವನು ಬಲ ಹಾಕಿದಷ್ಟೂ ನಟ್ಟು ಬಿಗಿಯುತ್ತದೆ, ಕೊನೆಗೆ ಮುರಿಯುತ್ತದೆ.

ಆ ಉಸ್ತಾದರಿಗೆ ಇದನ್ನು ಕಲಿಸಿದ್ದು ಯಾವ ಪುಸ್ತಕವೂ ಅಲ್ಲ. ಅವರ ಉಸ್ತಾದರು ಹೇಳಿದ್ದರು, ಅವರು ಈ ಹುಡುಗನಿಗೆ ಹೇಳಿದರು. ಅಮೆರಿಕದ ಕಾರ್ಖಾನೆಯಲ್ಲಿ ಕುಳಿತ ಎಂಜಿನಿಯರನ ಲೆಕ್ಕಾಚಾರವೊಂದು ದಖನಿ ಮಾತಿನ ಒಂದು ಸಾಲಾಗಿ ನಮ್ಮ ಸೀಮೆಯ ಹುಡುಗನ ಕಿವಿಗೆ ಬಿದ್ದ ದಾರಿ ಬಹಳ ದೂರದ್ದು. ಆ ದಾರಿಯ ಚರಿತ್ರೆಯನ್ನು ನಾವು ಬರೆದುಕೊಂಡಿಲ್ಲ.

ಜೀಪು ಹುಟ್ಟಿದ್ದು ಯುದ್ಧದ ಆತುರದಲ್ಲಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಬಲ ಸಿಗುವ, ಹಗುರವಾದ ಸಣ್ಣ ಗಾಡಿಯೊಂದು ತನಗೆ ಬೇಕೆಂದು ಕಾರು ಕಂಪನಿಗಳನ್ನು ಕೇಳಿತು. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೊದಲ ಮಾದರಿಯನ್ನು ಮಾಡಿಕೊಟ್ಟಿತು. ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ತಮ್ಮ ಮಾದರಿಗಳನ್ನು ತಂದವು. ಕೊನೆಗೆ ದೊಡ್ಡ ಗುತ್ತಿಗೆ ಸಿಕ್ಕಿದ್ದು ಈ ಇಬ್ಬರಿಗೆ. ಮೊದಲು ಮಾಡಿದವನು ಹಿಂದೆ ಉಳಿದ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಎಂಬತ್ತು ಅಂಗುಲದ ಗಾಲಿಯಂತರ, 2.2 ಲೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, 60 ಕುದುರೆಶಕ್ತಿ. ಇಷ್ಟೇ ಅದರ ಬಂಡವಾಳ.

ಈ ಗಾಡಿಯ ದೊಡ್ಡ ಗುಣ ವೇಗವಲ್ಲ, ಸುಖವಂತೂ ಅಲ್ಲವೇ ಅಲ್ಲ. ಅದನ್ನು ಬಿಚ್ಚಿ ಜೋಡಿಸುವುದು ಸುಲಭವಾಗಿತ್ತು. ಬಾನೆಟ್ ಎತ್ತಿದರೆ ಎಲ್ಲವೂ ಕೈಗೆ ಎಟುಕುವಂತಿತ್ತು. ವಿಲ್ಲೀಸಿನ ಜೀಪಿನ ಭಾಗ ಫೋರ್ಡಿನ ಜೀಪಿಗೆ ಕೂರುತ್ತಿತ್ತು. ಬರ್ಮಾದ ಕೆಸರಿನಲ್ಲೋ ಆಫ್ರಿಕಾದ ಮರಳಿನಲ್ಲೋ ಕೆಟ್ಟು ನಿಂತಾಗ ಸಾಮಾನ್ಯ ಸಿಪಾಯಿಯೇ ಸರಿಮಾಡಿಕೊಳ್ಳಬೇಕು ಎಂಬ ಎಣಿಕೆ ಅದರ ಕಟ್ಟಡದಲ್ಲಿಯೇ ಇತ್ತು.

ಅದಕ್ಕಾಗಿ ಅಮೆರಿಕದ ಸೇನೆ ದೊಡ್ಡ ಕೈಪಿಡಿಗಳನ್ನು ಅಚ್ಚು ಹಾಕಿಸಿತು. ಯಾವ ನಟ್ಟು, ಯಾವ ಅಳತೆ, ಎಷ್ಟು ಮೈಲಿಗೆ ಗ್ರೀಸು ಎಂದು ಚಿತ್ರಸಮೇತ ಹೇಳುವ ಪುಸ್ತಕಗಳವು. ಓದುವ ಒಲವಿಲ್ಲದ ಸಿಪಾಯಿಗಾಗಿ ಇನ್ನೊಂದು ದಾರಿಯನ್ನೂ ಹುಡುಕಿತು. ವಿಲ್ ಐಸ್ನರ್ ಎಂಬ ಹೆಸರಾಂತ ಕಾಮಿಕ್ಸ್ ಕಲಾವಿದ ಆಗ ಸೇನೆಯಲ್ಲಿದ್ದ. 'ಆರ್ಮಿ ಮೋಟರ್ಸ್' ಎಂಬ ಪತ್ರಿಕೆಗೆ ಆತ ಜೋ ಡೋಪ್ ಎಂಬ ಪೆದ್ದ ಸಿಪಾಯಿಯ ಚಿತ್ರಕತೆಗಳನ್ನು ಬರೆದ. ಈ ಪೆದ್ದ ಮಾಡುವ ತಪ್ಪುಗಳನ್ನು ನೋಡಿ ನಗುತ್ತಲೇ ಸಿಪಾಯಿಗಳು ಗಾಡಿಯ ಆರೈಕೆ ಕಲಿಯುತ್ತಿದ್ದರು. 1951ರಲ್ಲಿ ಇದೇ ಕೆಲಸಕ್ಕೆ 'ಪಿಎಸ್' ಎಂಬ ಮಾಸಪತ್ರಿಕೆಯೂ ಶುರುವಾಯಿತು. ಒಂದು ದೇಶ ರಿಪೇರಿಯನ್ನು ಇಷ್ಟು ಗಂಭೀರವಾಗಿ ತೆಗೆದುಕೊಂಡು, ಕತೆ ಮತ್ತು ಚಿತ್ರವನ್ನು ಅದರ ಸೇವೆಗೆ ಹಚ್ಚಿದ್ದು ನನ್ನಂಥ ಕತೆ ಬರೆಯುವವನಿಗೆ ಸೋಜಿಗವಾಗಿ ಕಾಣುತ್ತದೆ.

ಭಾರತಕ್ಕೆ ಜೀಪು ಯುದ್ಧದ ಜೊತೆಗೇ ಬಂತು. ಯುದ್ಧ ಮುಗಿದ ಮೇಲೆ ಉಳಿದವು ಹರಾಜಿನಲ್ಲಿ ಜನರ ಕೈ ಸೇರಿದವು. 1945ರ ಅಕ್ಟೋಬರ್ 2ರಂದು ಪಂಜಾಬಿನ ಲುಧಿಯಾನದಲ್ಲಿ ಒಂದು ಉಕ್ಕಿನ ವ್ಯಾಪಾರದ ಕಂಪನಿ ಹುಟ್ಟಿತು. ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಎಂಬ ಅಣ್ಣತಮ್ಮಂದಿರು ಮತ್ತು ಮಲಿಕ್ ಗುಲಾಮ್ ಮುಹಮ್ಮದ್ ಅದರ ಪಾಲುದಾರರು. ಕಂಪನಿಯ ಹೆಸರು 'ಮಹೀಂದ್ರಾ ಅಂಡ್ ಮೊಹಮ್ಮದ್'. ಎರಡು ವರ್ಷ ತುಂಬುವುದರೊಳಗೆ ದೇಶ ಇಬ್ಭಾಗವಾಯಿತು. ಗುಲಾಮ್ ಮುಹಮ್ಮದರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, 1951ರಲ್ಲಿ ಗವರ್ನರ್ ಜನರಲ್ಲೂ ಆದರು. ಇಲ್ಲಿ 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರಾ ಅಂಡ್ ಮಹೀಂದ್ರಾ' ಎಂದು ಬದಲಾಯಿತು. ಎರಡು 'ಎಂ' ಅಕ್ಷರಗಳು ಹಾಗೆಯೇ ಉಳಿದವು, ಎರಡನೆಯದರ ಅರ್ಥ ಬೇರೆಯಾಯಿತು. ಮುಂಬೈಯ ಮಜಗಾಂವ್‌ನಲ್ಲಿ ಈ ಕಂಪನಿ ಅಮೆರಿಕದಿಂದ ಬಂದ ಬಿಡಿಭಾಗಗಳನ್ನು ಜೋಡಿಸಿ ವಿಲ್ಲೀಸ್ ಜೀಪುಗಳನ್ನು ರಸ್ತೆಗಿಳಿಸಿತು. ನಿಧಾನವಾಗಿ ಬಿಡಿಭಾಗಗಳನ್ನೂ ಇಲ್ಲಿಯೇ ಮಾಡತೊಡಗಿತು.

ಅದೇ 1948ರಲ್ಲಿ ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನ ಹೆಸರಿನಲ್ಲೇ ನಡೆಯಿತು. ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೇನೆಗೆ ತುರ್ತಾಗಿ ಜೀಪು ಬೇಕಿತ್ತು. ಲಂಡನ್ನಿನಲ್ಲಿ ಭಾರತದ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ವಿದೇಶಿ ಸಂಸ್ಥೆಯೊಂದರ ಜೊತೆ 80 ಲಕ್ಷ ರೂಪಾಯಿಯ ಒಪ್ಪಂದಕ್ಕೆ ಸಹಿ ಹಾಕಿದರು. ಬಂದಿಳಿದದ್ದು 155 ಜೀಪುಗಳು, ಅವೂ ಬಳಕೆಗೆ ಬಾರದಂಥವು ಎಂಬ ಆರೋಪ ಎದ್ದಿತು. 1955ರ ಸೆಪ್ಟೆಂಬರ್ 30ರಂದು ಸರ್ಕಾರ ಪ್ರಕರಣ ಮುಗಿಯಿತೆಂದು ಪ್ರಕಟಿಸಿತು. ಈ ಹಗರಣದ ರಾಜಕೀಯವನ್ನು ಎಲ್ಲರೂ ಬರೆದಿದ್ದಾರೆ. ಗ್ಯಾರೇಜಿನ ಕಣ್ಣಿನಿಂದ ನೋಡಿದರೆ ಅದರಲ್ಲಿ ಇನ್ನೊಂದು ಮಾತಿದೆ. ಹಳೆಯ ಗಾಡಿಗೆ ಬಣ್ಣ ಬಳಿಯುವುದು ಬೇರೆ, ರಿಪೇರಿ ಮಾಡುವುದು ಬೇರೆ. ಎರಡರ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ, ಬಾನೆಟ್ ಎತ್ತಿ ನೋಡುವವನು ಬೇಕು.

ಇನ್ನು ನಮ್ಮ ಸೀಮೆಗೆ ಬರೋಣ. ಹಂಪಸಾಗರದ ದಂಡೆಯಲ್ಲಿ ನಿಂತರೆ ಇಂದು ಕಾಣುವುದು ತುಂಗಭದ್ರಾ ಜಲಾಶಯದ ಹಿನ್ನೀರು. ಜೀಪು ಮತ್ತು ಈ ಅಣೆಕಟ್ಟು ಒಂದೇ ಕಾಲದ ಕೂಸುಗಳು. 1945ರ ಫೆಬ್ರವರಿಯಲ್ಲಿ, ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಹೊಳೆಯ ಈಚೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ, ಆಚೆ ಕೊಪ್ಪಳದ ಕಡೆ ನಿಜಾಮರ ಆಳ್ವಿಕೆ. ಎರಡೂ ಸರ್ಕಾರಗಳು ಕೂಡಿ ಮಾಡಿದ ಕೆಲಸವದು. 1953ರಲ್ಲಿ ನೀರು ನಿಂತಾಗ ನಿಜಾಮರ ಆಳ್ವಿಕೆ ಇರಲಿಲ್ಲ. ಆ ವರ್ಷದ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದವು. 90ರಷ್ಟು ಹಳ್ಳಿಗಳು ನೀರಿನ ಪಾಲಾದವು. ಮನೆ ಮಸೀದಿ ಗುಡಿ ಗೋರಿಗಳನ್ನು ಬಿಟ್ಟು ಜನ ಎತ್ತರದ ಜಾಗಗಳಿಗೆ ಬಂದರು.

ಅಂಥ ಕಾಲದಲ್ಲಿ ಹಳ್ಳಿಗೆ ಸರ್ಕಾರ ಬರುತ್ತಿದ್ದುದು ಜೀಪಿನಲ್ಲಿ. 1952ರ ಅಕ್ಟೋಬರ್ 2ರಂದು ಶುರುವಾದ ಸಮುದಾಯ ಅಭಿವೃದ್ಧಿ ಯೋಜನೆಗೆ ಅಮೆರಿಕದ ನೆರವೂ ಇತ್ತು. ಅದರಿಂದ ಹುಟ್ಟಿದ ಬ್ಲಾಕ್ ಆಫೀಸುಗಳ ಮುಂದೆ ಜೀಪು ನಿಂತಿತು. 1953ರಿಂದ ಮಲೇರಿಯಾ ನಿಯಂತ್ರಣದ ಕಾರ್ಯಕ್ರಮ ಬಂತು, ಗೋಡೆಗೆ ಡಿಡಿಟಿ ಹೊಡೆಯುವವರು ಬಂದರು. ಪೊಲೀಸರು, ಅರಣ್ಯದವರು, ರೆವಿನ್ಯೂದವರು, ಚುನಾವಣೆಗೆ ನಿಂತವರು ಎಲ್ಲರೂ ಅದೇ ಗಾಡಿಯಲ್ಲಿ ಬಂದರು. ತುರ್ತುಪರಿಸ್ಥಿತಿಯ ದಿನಗಳಲ್ಲಿ, ಸಂತಾನಹರಣದ ಶಿಬಿರಕ್ಕೆ ಹಿಡಿದೊಯ್ಯುತ್ತಾರೆಂದು ಹೆದರಿ, ಜೀಪಿನ ಸದ್ದು ಕೇಳಿದರೆ ಗಂಡಸರು ಹೊಲ ಸೇರುತ್ತಿದ್ದರೆಂದು ಹಿರಿಯರು ಹೇಳುವುದುಂಟು. ಹೆರಿಗೆ ನೋವಿನ ಹೆಣ್ಣುಮಗಳನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಇದೇ ಜೀಪು.

ನಮ್ಮದು ಎರೆ ಮತ್ತು ಮಸಾರಿ ಭೂಮಿ. ಮಳೆ ಕಡಿಮೆ. ಆದರೆ ನಾಲ್ಕು ಹನಿ ಬಿದ್ದರೆ ಎರೆಮಣ್ಣು ಗಾಲಿಗೆ ಅಂಟಿಕೊಂಡು ಗಾಲಿಯನ್ನೇ ಬಿಡುವುದಿಲ್ಲ. ಎತ್ತಿನ ಬಂಡಿಯೂ ನಿಲ್ಲುತ್ತದೆ. ಅಲ್ಲಿ ಗೇರಿನ ಪಕ್ಕದ ಎರಡು ಸಣ್ಣ ಕೋಲುಗಳಿಗೆ ಕೆಲಸ. ಒಂದನ್ನು ಎಳೆದರೆ ಮುಂದಿನ ಗಾಲಿಗಳಿಗೂ ಬಲ ಹೋಗುತ್ತದೆ, ಇನ್ನೊಂದು ಗಾಡಿಯನ್ನು ಇನ್ನೂ ನಿಧಾನ ಮಾಡಿ ಎಳೆಯುವ ಶಕ್ತಿಯನ್ನು ಹೆಚ್ಚಿಸುತ್ತದೆ. ಕೆಸರು ದಾಟಿ ಟಾರು ರಸ್ತೆಗೆ ಬಂದ ಮೇಲೆ ಮುಂದಿನ ಗಾಲಿಗಳನ್ನು ಬಿಡಿಸಲು ಮರೆತರೆ ಒಳಗಿನ ಹಲ್ಲುಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ತಿರುವಿನಲ್ಲಿ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ಓಡುವ ದೂರ ಬೇರೆ ಬೇರೆ. ಕೆಸರಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ತೀರುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಸರ್ಕಾರಿ ಜೀಪುಗಳು ಗ್ಯಾರೇಜಿಗೆ ಬರಲು ಇಂಥ ಮರೆವೂ ಒಂದು ಕಾರಣ.

ಈ ಜೀಪುಗಳನ್ನು ರಿಪೇರಿ ಮಾಡಿದವರು ಯಾರು? ನಮ್ಮ ಕಡೆಯ ಊರುಗಳಲ್ಲಿ ನೋಡಿದರೆ ಎಂಜಿನ್ನಿಗೆ ಕೈ ಹಾಕುವವರು, ಬ್ಯಾಟರಿಯವರು, ತಗಡು ತಟ್ಟುವ ಟಿಂಕರುಗಳು, ಬಣ್ಣ ಹೊಡೆಯುವವರು, ಸೀಟಿನ ರೆಗ್ಜಿನ್ ಹೊಲಿಯುವವರು ಇವರಲ್ಲಿ ಬಹಳಷ್ಟು ಜನ ಮುಸ್ಲಿಮರು. ಕಮಾನು ಪಟ್ಟಿ ಕಾಯಿಸಿ ಬಗ್ಗಿಸುವ ಕಮ್ಮಾರರು, ಮರದ ಕೆಲಸದ ಬಡಿಗರು ಪಾಂಚಾಳರು. ಶಾಲೆ ಬಿಟ್ಟ ಹುಡುಗನನ್ನು ತಾಯಿ ಕೈಹಿಡಿದು ತಂದು ಉಸ್ತಾದರ ಮುಂದೆ ನಿಲ್ಲಿಸುತ್ತಿದ್ದಳು. ಮೊದಲ ವರ್ಷ ಸೀಮೆಎಣ್ಣೆಯಲ್ಲಿ ಬಿಡಿಭಾಗ ತೊಳೆಯುವುದು, ಚಹಾ ತರುವುದು. ಎರಡನೆಯ ವರ್ಷ ಪಾನಾ ಕೊಡುವುದು. ಕೇಳಿದ ಪಾನಾದ ನಂಬರು ತಪ್ಪದೆ ಕೈಗೆ ಬಂದರೆ ಹುಡುಗ ಕಲಿತ ಎಂದರ್ಥ. ಹಿಡಿಸಂಬಳವಿಲ್ಲದ, ಏಟೂ ಬೈಗುಳವೂ ಇದ್ದ ಶಾಲೆ ಅದು. ಎಷ್ಟೋ ಹುಡುಗರ ಓದು ಅಲ್ಲಿಯೇ ಮುಗಿದುಹೋಯಿತು. ಇದನ್ನು ಹೇಳದೆ ಬರಿಯ ಹೊಗಳಿಕೆ ಬರೆದರೆ ತಪ್ಪಾಗುತ್ತದೆ.

ಅಲ್ಲಿನ ನುಡಿಯೂ ನೋಡುವಂಥದ್ದು. ಸ್ಕ್ರೂಡ್ರೈವರ್ 'ಪೇಚ್‌ಕಸ್', ಲೇತಿನವನು 'ಖರಾದಿ', ಸ್ಪ್ಯಾನರ್ 'ಪಾನಾ'. 'ಟೈಟ್ ಮಾಡು' ಎಂಬುದು ಕನ್ನಡದವರಿಗೆ, 'ಕಸ್' ಎಂಬುದು ತಮ್ಮೊಳಗೆ. ರೈತ ಬಂದು "ಯಾಕೋ ಸ್ಟೇರಿಂಗು ನಡುಗಾಕ ಹತ್ತೈತ್ರಿ ಮಾಮಾ" ಎಂದರೆ ಉಸ್ತಾದರು ಕನ್ನಡದಲ್ಲಿ ಕೇಳಿಸಿಕೊಂಡು, ಉರ್ದುವಿನಲ್ಲಿ ಹುಡುಗನಿಗೆ ಹೇಳಿ, ಇಂಗ್ಲಿಷಿನ ಹೆಸರಿನ ಭಾಗವನ್ನು ಬಿಚ್ಚಿಸುತ್ತಿದ್ದರು. ಮೂರು ಭಾಷೆಗಳು ಕೂಡಿ ಒಂದು ಗಾಡಿ ಹೊರಡುತ್ತಿತ್ತು.

ಸ್ಟೇರಿಂಗಿನ ನಡುಕ ಹಳೆಯ ಜೀಪಿನ ಹೆಸರಾಂತ ಕಾಯಿಲೆ. ವೇಗ ಸ್ವಲ್ಪ ಏರಿ ಒಂದು ಗುಂಡಿಗೆ ಬಿದ್ದರೆ ಮುಂದಿನ ಗಾಲಿಗಳು ಎಡಬಲಕ್ಕೆ ಹುಚ್ಚು ಹಿಡಿದಂತೆ ಅಲುಗುತ್ತವೆ. ಕೂತವರು ದೇವರನ್ನು ನೆನೆಯಬೇಕು. ಅರೆಬರೆ ಕಲಿತವನು ಸ್ಟೇರಿಂಗ್ ಬಾಕ್ಸನ್ನು ಬಿಗಿ ಮಾಡಿ ಕಳಿಸುತ್ತಾನೆ, ಎರಡು ದಿನಕ್ಕೆ ಗಾಡಿ ಮತ್ತೆ ಬರುತ್ತದೆ. ತಿಳಿದವನು ಮುಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಾಡಿಸಿ ನೋಡುತ್ತಾನೆ. ಅಲುಗಿದರೆ ಗಾಲಿಯ ಬೇರಿಂಗನ್ನು ಮೊದಲು ನೋಡುತ್ತಾನೆ. ಅದು ಸರಿಯಿದ್ದರೆ ಗಾಲಿ ತಿರುಗುವ ಗೂಟದ, ಅಂದರೆ ಕಿಂಗ್ ಪಿನ್ನಿನ, ಬೇರಿಂಗು ಸವೆದಿದೆ ಎಂದು ತಿಳಿಯುತ್ತಾನೆ. ಅಲ್ಲಿ ಕಾಗದದಷ್ಟು ತೆಳುವಾದ ಶಿಮ್ ಎಂಬ ತಗಡಿನ ತುಂಡುಗಳಿವೆ. ಒಂದನ್ನು ತೆಗೆದರೆ ಬಿಗಿಯಾಗುತ್ತದೆ, ಎರಡು ತೆಗೆದರೆ ಸ್ಟೇರಿಂಗು ಭಾರವಾಗುತ್ತದೆ. ಆಮೇಲೆ ಟೈ ರಾಡಿನ ತುದಿಗಳು, ಕಮಾನಿನ ಬುಶ್ಶುಗಳು. ಕಾಯಿಲೆ ಕೈಯಲ್ಲಿ ಕಂಡರೂ ಅದರ ಬೇರು ಕಾಲಿನಲ್ಲಿರುತ್ತದೆ ಎನ್ನುವ ಹಕೀಮರ ರೀತಿಯದು ಈ ವಿದ್ಯೆ.

ಎಂಜಿನ್ನಿನದೂ ಹಾಗೆಯೇ. 1953ರಲ್ಲಿ ಅಮೆರಿಕದಲ್ಲಿ ಬಂದ ಸಿಜೆ-3ಬಿ ಎಂಬ ಎತ್ತರದ ಬಾನೆಟ್ಟಿನ ಜೀಪು ಭಾರತದಲ್ಲಿ ಮನೆಮಾತಾದ ಜೀಪು. ಅದರ ಎಂಜಿನ್ನಿನಲ್ಲಿ ಗಾಳಿ ಒಳಬರುವ ವಾಲ್ವು ಮೇಲೆ, ಹೊಗೆ ಹೊರಹೋಗುವ ವಾಲ್ವು ಕೆಳಗೆ ಮಗ್ಗುಲಲ್ಲಿ. ಎರಡಕ್ಕೂ ಬಿಡುವ ಸಂದು ಬೇರೆ. ಎಂಜಿನ್ ತಣ್ಣಗಿರುವಾಗ ಮೇಲಿನದಕ್ಕೆ ಒಂದು ಅಂಗುಲದ ಸಾವಿರ ಭಾಗದಲ್ಲಿ 18, ಕೆಳಗಿನದಕ್ಕೆ 16. ಸಂದು ಹೆಚ್ಚಾದರೆ ಟಕಟಕ ಸದ್ದು. ಕಡಿಮೆಯಾದರೆ ಸದ್ದೇ ಇರುವುದಿಲ್ಲ, ಆದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗುತ್ತದೆ. "ಸದ್ದು ಮಾಡುವ ಎಂಜಿನ್ ಬದುಕುತ್ತದೆ, ಸುಮ್ಮನಿರುವುದನ್ನು ಮೊದಲು ನೋಡು" ಎಂದು ಉಸ್ತಾದರು ಹೇಳುತ್ತಿದ್ದುದು ಇದಕ್ಕೆ. ಪೇಚ್‌ಕಸ್ಸಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಅವರು ಯಾವ ಸಿಲಿಂಡರಿನದೆಂದು ಗುರುತಿಸುತ್ತಿದ್ದರು.

ನಮ್ಮ ಬಿಸಿಲಿಗೆ ಇನ್ನೊಂದು ತೊಂದರೆಯಿತ್ತು. ಏಪ್ರಿಲ್ ಮೇ ತಿಂಗಳಲ್ಲಿ ಚೆನ್ನಾಗಿ ಓಡುತ್ತಿದ್ದ ಪೆಟ್ರೋಲ್ ಜೀಪು ನಡುದಾರಿಯಲ್ಲಿ ನಿಂತುಬಿಡುತ್ತಿತ್ತು. ಪೆಟ್ರೋಲ್ ಪಂಪಿನೊಳಗೆ ಪೆಟ್ರೋಲು ಆವಿಯಾಗಿ ಮುಂದೆ ಹರಿಯುತ್ತಿರಲಿಲ್ಲ. ಹೊಸ ಪಂಪು ಕೊಳ್ಳಲು ಹೇಳುವವರಿದ್ದರು. ಹಳೆಯ ಡ್ರೈವರುಗಳು ಒಂದು ಬಟ್ಟೆಯನ್ನು ನೀರಲ್ಲಿ ಅದ್ದಿ ಪಂಪಿಗೆ ಸುತ್ತಿ, ಬೇವಿನ ನೆರಳಲ್ಲಿ ಬೀಡಿ ಸೇದಿ, ಹತ್ತು ನಿಮಿಷಕ್ಕೆ ಹೊರಡುತ್ತಿದ್ದರು. ಹಿನ್ನೀರಿನ ಹಳ್ಳ ದಾಟಿ ಬಂದ ಗಾಡಿಯಾದರೆ ಗಾಲಿಯ ಹಬ್ಬು, ಹಿಂದಿನ ಹೌಸಿಂಗು ಬಿಚ್ಚಿ ಎಣ್ಣೆ ನೋಡಲೇಬೇಕು. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಆಗ ಎಣ್ಣೆ ಚೆಲ್ಲಿ ಹೊಸದು ತುಂಬದಿದ್ದರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಐವತ್ತು ರೂಪಾಯಿಯ ಎಣ್ಣೆಗೆ ಹಿಂದೆಮುಂದೆ ನೋಡಿದ ಧಣಿ ಆರು ತಿಂಗಳಿಗೆ ಸಾವಿರಗಟ್ಟಲೆ ತೆತ್ತ ಕತೆಗಳು ಗ್ಯಾರೇಜಿನಲ್ಲಿ ಬಹಳ.

1973ರ ನಂತರ ಪೆಟ್ರೋಲ್ ದುಬಾರಿಯಾಯಿತು. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಕೂರಿಸುವ ಕೆಲಸ ಗ್ಯಾರೇಜುಗಳಿಗೆ ಬಂತು. ಡೀಸೆಲ್ ಎಂಜಿನ್ ಭಾರ ಹೆಚ್ಚು, ಅದುರು ಹೆಚ್ಚು. ಮುಂದಿನ ಕಮಾನಿಗೆ ಪಟ್ಟಿ ಸೇರಿಸಬೇಕು, ಎಂಜಿನ್ ಕೂರುವ ಪೀಠ ಹೊಸದಾಗಿ ಕಟ್ಟಬೇಕು, ಗೇರ್ ಬಾಕ್ಸಿಗೆ ಹೊಂದುವ ತಟ್ಟೆಯನ್ನು ಖರಾದಿ ಕಡೆದುಕೊಡಬೇಕು. ನಕ್ಷೆ ಇರಲಿಲ್ಲ, ರಟ್ಟು ಕತ್ತರಿಸಿ ಅಳತೆ ಮಾಡಿದರು. ಕಂಪನಿಯೂ ಡೀಸೆಲ್ಲಿಗೆ ಬಂತು. 1980ರ ದಶಕದ ಎಂಎಂ 540 ಜೀಪಿನಲ್ಲಿ ಫ್ರಾನ್ಸಿನ ಪ್ಯೂಜೊ ಮೂಲದ ಡೀಸೆಲ್ ಎಂಜಿನ್ ಇತ್ತು. ಅಮೆರಿಕದಲ್ಲಿ ಸಿಜೆ-3ಬಿ 1968ರಲ್ಲಿ ನಿಂತುಹೋದರೂ ಅದರ ಮುಖಚಹರೆ ಇಲ್ಲಿ ದಶಕಗಳ ಕಾಲ ಉಳಿಯಿತು. ಕೊಟ್ಟೂರಿನ ಜಾತ್ರೆಗೆ, ಮೈಲಾರದ ಜಾತ್ರೆಗೆ ಜನ ತುಂಬಿಕೊಂಡು ಹೋದ ಜೀಪುಗಳಲ್ಲಿ ಎಂಜಿನ್ ಒಂದರದು, ಗೇರು ಇನ್ನೊಂದರದು, ಬಾಡಿ ಟಿಂಕರನದು. ಹುಟ್ಟಿನಿಂದ ಉಳಿದದ್ದು ಚಾಸಿಯ ಮೇಲೆ ಕೊರೆದ ನಂಬರು ಮಾತ್ರ. ಆರ್‌ಟಿಓ ಪುಸ್ತಕದಲ್ಲಿ ಬರೆಸದೆ ಎಂಜಿನ್ ಬದಲಿಸಿದವರು ಮುಂದೆ ಪೇಚಾಡಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ವಾಹನದ ಮಾರ್ಪಾಡಿಗೆ ಕಟ್ಟು ಹಾಕುತ್ತದೆ. ಅದರ ಉದ್ದೇಶ ಸುರಕ್ಷತೆ, ತಪ್ಪಲ್ಲ. ಆದರೆ ರಟ್ಟಿನ ಅಳತೆಯಿಂದ ಎಂಜಿನ್ ಕೂರಿಸಿದ ಕೈಗಳ ಜಾಣ್ಮೆಗೆ ಆ ಕಾಯ್ದೆಯಲ್ಲಿ ಯಾವ ಹೆಸರೂ ಇಲ್ಲ.

2021ರಲ್ಲಿ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ಕೇಂದ್ರದ ನೀತಿ ಬಂತು. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಯಿತು. ಹೊಗೆ ಕಡಿಮೆಯಾಗಲಿ, ಅಪಘಾತ ಕಡಿಮೆಯಾಗಲಿ ಎಂಬ ಕಾರಣಗಳು ಸರಿಯಾದವೇ. ಕಚೇರಿಗಳ ಹಿಂದೆ ಹುಲ್ಲು ಬೆಳೆದ ಜೀಪುಗಳು ಹೋಗಲಿ. ಈಗಿನ ಗಾಡಿಗಳು ಕೆಟ್ಟರೆ ಕಂಪ್ಯೂಟರ್ ಹಚ್ಚಿ ನೋಡುತ್ತಾರೆ, ಭಾಗವನ್ನು ತೆಗೆದು ಹೊಸದು ಹಾಕುತ್ತಾರೆ. ಅದೂ ಒಂದು ವಿದ್ಯೆ. ನನ್ನ ಸಂಕಟ ಗಾಡಿಗಳದ್ದಲ್ಲ. ಅವುಗಳ ಜೊತೆಗೆ ಹೋಗುತ್ತಿರುವ ತಿಳಿವಳಿಕೆಯದು.

ಈ ತಿಳಿವಳಿಕೆ ಹೋದರೆ ಏನಾಗುತ್ತದೆಂದು ನಮ್ಮ ಸೀಮೆಯೇ ಒಮ್ಮೆ ಕಂಡಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ಬೆಳೆಯ ಆಸೆ ಹೊತ್ತ ರೈತರು ನೋಡುತ್ತ ನಿಂತರು. ಆಗ ಹಳೆಯ ಗೇಟುಗಳ ಕೆಲಸ ಬಲ್ಲ ಇಳಿವಯಸ್ಸಿನ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಬೇಕಾಯಿತು. ಹರಿಯುವ ನೀರಿನಲ್ಲಿಯೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಒಂದು ವಾರದೊಳಗೆ ನೀರು ನಿಲ್ಲಿಸಿದರು. ಏಳು ದಶಕದ ಕಬ್ಬಿಣಕ್ಕೆ ಪ್ರತಿದಿನದ ಆರೈಕೆ ಬೇಕು, ಆರೈಕೆ ಬಲ್ಲವರು ಬೇಕು. ಕಟ್ಟಿದವರ ಹೆಸರು ಕಲ್ಲಿನ ಮೇಲಿರುತ್ತದೆ. ಕಾಪಾಡುವವರ ನೆನಪಾಗುವುದು ಸರಪಳಿ ಹರಿದ ದಿನ.

ಹನ್ನೆರಡನೆಯ ಶತಮಾನದ ವಚನಕಾರರಲ್ಲಿ ಅಂಬಿಗನಿದ್ದಾನೆ, ಮೇದಾರನಿದ್ದಾನೆ, ಬಾಚಿಯ ಕಾಯಕದವನಿದ್ದಾನೆ. ಅವರ ಕಸುಬಿನ ಮಾತುಗಳು ಕನ್ನಡದ ಮಾತುಗಳಾದವು. ನಮ್ಮ ಕಾಲದ ಕತೆ ಕಾದಂಬರಿಗಳಲ್ಲಿ ಜೀಪು ಬೇಕಾದಷ್ಟು ಬಾರಿ ಬಂದಿದೆ. ಧೂಳೆಬ್ಬಿಸಿಕೊಂಡು ಬರುತ್ತದೆ, ಸಾಹೇಬ ಇಳಿಯುತ್ತಾನೆ, ಕತೆ ಅವನ ಹಿಂದೆ ಹೋಗುತ್ತದೆ. ನಾನೂ ಹಾಗೆಯೇ ಬರೆದಿದ್ದೇನೆ. ಜೀಪಿನ ಕೆಳಗೆ ಗೋಣಿತಟ್ಟು ಹಾಸಿ ಮಲಗಿದವನ ಕಡೆಗೆ ನನ್ನ ಕತೆ ಬಗ್ಗಿ ನೋಡಿಲ್ಲ.

ಕಳೆದ ವರ್ಷ ಆ ಉಸ್ತಾದರನ್ನು ನೋಡಲು ಹೋಗಿದ್ದೆ. ತಗಡಿನ ಗ್ಯಾರೇಜಿನ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ಅವರ ಕಣ್ಣು ಮಂಜಾಗಿದೆ. ಮೊಮ್ಮಗ ಡಿಪ್ಲೊಮಾ ಓದುತ್ತಿದ್ದಾನೆ. ನಾನು ಒಂದು ನೋಟ್‌ಬುಕ್ಕು ಒಯ್ದಿದ್ದೆ. ಯಾವ ಭಾಗಕ್ಕೆ ಏನೆನ್ನುತ್ತಿದ್ದರು, ಯಾವ ಸದ್ದಿಗೆ ಯಾವ ಕಾಯಿಲೆ ಎಂದು ಕೇಳಿ ಬರೆದುಕೊಳ್ಳತೊಡಗಿದೆ. "ಇದನ್ನೆಲ್ಲ ಯಾರು ಓದ್ತಾರಪ್ಪಾ?" ಎಂದು ನಕ್ಕರು. ಆಮೇಲೆ ತಾವೇ ಹೇಳುತ್ತಾ ಹೋದರು. ಮೊಮ್ಮಗ ಓದನ್ನು ಪಕ್ಕಕ್ಕಿಟ್ಟು ಹತ್ತಿರ ಬಂದು ಕುಳಿತ. ಎಡಗಾಲಿಯ ನಟ್ಟಿನ ಮಾತು ಬಂದಾಗ ಉಸ್ತಾದರ ಕೈ ಗಾಳಿಯಲ್ಲಿ ತಾನಾಗಿಯೇ ಬಲಕ್ಕೆ ತಿರುಗಿತು. ಹುಡುಗ, "ಬಲಕ್ಕ ತಿರುಗಿಸಿದ್ರ ಬಿಗಿ ಆಗಂಗಿಲ್ಲೇನು ದಾದಾ?" ಎಂದು ಕೇಳಿದ.

ಅವನಿಗೆ ಅವರು ಮೊದಲಿನಿಂದ ಹೇಳತೊಡಗಿದರು.